ಮಳೆಯಲ್ಲಿ ನಂದಿದ ಕಿಡಿ

ಮೋಟಾರ್ ಸೈಕಲ್ಲಿನ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದರ ಓಟದ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ವರ್ಷದ ಪಂದ್ಯದಲ್ಲಿ ಯಾರು ಗೆದ್ದರು, ಯಾವ ಯಂತ್ರ ಗಂಟೆಗೆ ಎಷ್ಟು ಮೈಲಿ ಓಡಿತು ಎಂಬ ವಿವರಗಳಿಗೆ ಅಲ್ಲಿ ಕೊರತೆಯಿಲ್ಲ. ಅದು ನಿಂತುಹೋದುದರ ಚರಿತ್ರೆಯನ್ನು ಬರೆದವರು ವಿರಳ. ಆದರೆ ಯಂತ್ರವು ತನ್ನ ಒಳಗುಟ್ಟನ್ನು ಬಿಟ್ಟುಕೊಡುವುದು ಓಡುವಾಗಲ್ಲ, ನಿಂತಾಗ. ಅದರಲ್ಲಿಯೂ ಊರಿಲ್ಲದ ದಾರಿಯಲ್ಲಿ, ಸುರಿಯುವ ಮಳೆಯಲ್ಲಿ ನಿಂತಾಗ. ಪೆಟ್ರೋಲು ತುಂಬಿದೆ, ಚಕ್ರಗಳು ತಿರುಗುತ್ತವೆ, ಮುರಿದದ್ದು ಏನೂ ಕಾಣುವುದಿಲ್ಲ. ಕಿಡಿ ಮಾತ್ರ ಹುಟ್ಟುತ್ತಿಲ್ಲ. ಈ ಕಾಣದ ಕೊರತೆಯನ್ನು ಮನುಷ್ಯರು ಹುಡುಕುತ್ತ ಬಂದ ಬಗೆಯನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಇದು ಬರಿಯ ಯಂತ್ರಶಿಲ್ಪಿಗಳ ವಿಷಯವೆಂದು ಶ್ರೋತೃಗಳು ಭಾವಿಸಬೇಕಾಗಿಲ್ಲ. ಇದರೊಳಗೆ ಒಂದು ಮಹಾಯುದ್ಧವಿದೆ, ಛೋಟಾ ನಾಗಪುರದ ಕಾಡಿದೆ, ನಮ್ಮ ಮೈಸೂರಿನ ಒಂದು ಕಾರ್ಖಾನೆಯೂ ಇದೆ.

ಮೊದಲು ಕಿಡಿಯ ಸಂಗತಿ. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣ ಸಿಲಿಂಡರಿನೊಳಗೆ ಒತ್ತಿಕೊಂಡು ನಿಂತಾಗ, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿರಿದಾದ ಸಂದಿಯನ್ನು ದಾಟಿ ವಿದ್ಯುತ್ತು ಹಾರಬೇಕು. ನಿಮಿಷಕ್ಕೆ 3,000 ಸುತ್ತು ತಿರುಗುವ ಎರಡು ಹೊಡೆತದ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ 50 ಸಾರಿ ನಡೆಯಬೇಕು; ನಾಲ್ಕು ಹೊಡೆತದ್ದಾದರೆ 25 ಸಾರಿ. ಒತ್ತಿದ ಗಾಳಿಯನ್ನು ಸೀಳಿ ಹಾರುವುದಕ್ಕೆ 10,000 ವೋಲ್ಟ್ ಇಲ್ಲವೇ ಅದಕ್ಕೂ ಮೀರಿದ ಒತ್ತಡ ಬೇಕು. ಇಷ್ಟು ಒತ್ತಡದಲ್ಲಿರುವ ವಿದ್ಯುತ್ತು ಕಟ್ಟಿಹಾಕಿದ ಹೋರಿಯಂತೆ. ಬೇಲಿಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲಿ ನುಗ್ಗುತ್ತದೆ. ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಮಳೆನೀರಿನ ಒಂದು ತೆಳುಪೊರೆ ಹರಡಿದರೆ ಸಾಕು, ಅದಕ್ಕೆ ಒಳಗಿನ ಸಂದಿಯನ್ನು ದಾಟುವ ಕಷ್ಟವೇ ಬೇಡ. ಹೊರಗಿನಿಂದಲೇ ಜಾರಿ ಎಂಜಿನ್ನಿನ ಕಬ್ಬಿಣವನ್ನು ಸೇರಿಕೊಳ್ಳುತ್ತದೆ. ಶುದ್ಧ ನೀರು ವಿದ್ಯುತ್ತಿಗೆ ಅಂಥ ಒಳ್ಳೆಯ ದಾರಿಯಲ್ಲ. ಮುಗಿಲಿನಿಂದ ಬೀಳುವ ಹನಿಗಿಂತ ಮುಂದಿನ ಚಕ್ರ ಎರಚುವ ನೀರು ಹೆಚ್ಚು ಕೆಟ್ಟದ್ದು. ಅದರಲ್ಲಿ ರಸ್ತೆಯ ಮಣ್ಣು, ಉಪ್ಪು, ಮಸಿ ಎಲ್ಲವೂ ಕರಗಿರುತ್ತವೆ.

ಕಿಡಿಗೆ ವಿದ್ಯುತ್ತನ್ನು ಬಳಸುವುದಕ್ಕೆ ಮುಂಚೆಯೇ ಮಳೆ ಶತ್ರುವಾಗಿತ್ತು. ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ 1885ರಲ್ಲಿ ಜರ್ಮನಿಯ ಕಾನ್‌ಸ್ಟಾಟಿನಲ್ಲಿ ಕಟ್ಟಿದ ಮರದ ದ್ವಿಚಕ್ರ ವಾಹನದಲ್ಲಿ ಕಿಡಿಯೇ ಇರಲಿಲ್ಲ. ಒಂದು ದೀಪದ ಜ್ವಾಲೆಯಿಂದ ಸದಾ ಕೆಂಪಗೆ ಕಾದಿರುತ್ತಿದ್ದ ಚಿಕ್ಕದೊಂದು ಕೊಳವೆ ಮಿಶ್ರಣವನ್ನು ಹೊತ್ತಿಸುತ್ತಿತ್ತು. ಡೈಮ್ಲರನ ಮಗ ಅದನ್ನು ಮೊದಲ ಬಾರಿ ಸವಾರಿ ಮಾಡಿದಾಗ ಆ ಕಾದ ಕೊಳವೆಯಿಂದ ಆಸನಕ್ಕೇ ಬೆಂಕಿ ತಗುಲಿತೆಂದು ಹೇಳುತ್ತಾರೆ. 1894ರಲ್ಲಿ ಮ್ಯೂನಿಕ್ಕಿನಲ್ಲಿ ಮಾರಾಟಕ್ಕೆಂದು ತಯಾರಾದ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯುಲರ್ ವಾಹನವೂ ಇದೇ ಕಾದ ಕೊಳವೆಯದು. ಗಾಳಿ ಬೀಸಿದರೆ, ಮಳೆ ಎರಚಿದರೆ ಜ್ವಾಲೆ ಆರುವುದು. ಸವಾರನು ಇಳಿದು ಒಲೆ ಹಚ್ಚುವಂತೆ ಅದನ್ನು ಹಚ್ಚಬೇಕು. ಇಲ್ಲಿ ದೋಷ ಹುಡುಕುವ ಕಷ್ಟವಿರಲಿಲ್ಲ ಎನ್ನುವುದು ಮಾತ್ರ ಸಮಾಧಾನ. ದೀಪ ಆರಿದ್ದು ಯಾರ ಕಣ್ಣಿಗಾದರೂ ಕಾಣುತ್ತದೆ.

ವಿದ್ಯುತ್ತು ಬಂದ ಮೇಲೆ ದೋಷವು ಅದೃಶ್ಯವಾಯಿತು. 1895ರಲ್ಲಿ ಫ್ರಾನ್ಸಿನ ದ ದಿಯೊನ್-ಬೂತೊನ್ ಸಂಸ್ಥೆಯ ತ್ರಿಚಕ್ರ ವಾಹನದಲ್ಲಿ ಬ್ಯಾಟರಿ, ತಂತಿಯ ಸುರುಳಿ, ವಿದ್ಯುತ್ತನ್ನು ತಕ್ಕ ಕ್ಷಣದಲ್ಲಿ ಕಡಿಯುವ ಒಂದು ಸಲಕರಣೆ, ಇವು ಸೇರಿ ಕಿಡಿಯನ್ನು ಕೊಟ್ಟವು. ತತ್ತ್ವ ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದೇ: ಒಂದು ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಿದರೆ ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಚಿಮ್ಮುತ್ತದೆ. ಆ ಕಾಲದ ಸುರುಳಿಗಳನ್ನು ಎಷ್ಟೋ ವಾಹನಗಳಲ್ಲಿ ಮರದ ಪೆಟ್ಟಿಗೆಗಳಲ್ಲಿ ಇಡುತ್ತಿದ್ದರು. ತಂತಿಗೆ ರಬ್ಬರು, ಅದರ ಮೇಲೆ ಹತ್ತಿಯ ನೂಲಿನ ಹೆಣಿಗೆ. ಒಣ ಹವೆಯಲ್ಲಿ ಇದೆಲ್ಲ ಸೊಗಸು. ನಾಲ್ಕು ದಿನ ಮಳೆ ಹಿಡಿದರೆ ಮರ ಉಬ್ಬುವುದು, ನೂಲು ನೀರು ಕುಡಿಯುವುದು. ಬ್ಯಾಟರಿಯ ಶಕ್ತಿ ಕಿಡಿಯಾಗಿ ಹಾರದೆ ತೇವದ ದಾರಿಗಳಲ್ಲಿ ಸೋರಿ ಹೋಗುವುದು. ಸವಾರನ ಎದುರಿಗೆ ಆಗ ಹತ್ತು ಗುಮಾನಿಗಳು ನಿಲ್ಲುತ್ತಿದ್ದವು, ಸಾಕ್ಷಿ ಒಂದೂ ಇರುತ್ತಿರಲಿಲ್ಲ.

ಬ್ಯಾಟರಿಯ ಈ ಉಪದ್ರವದಿಂದ ಬಿಡುಗಡೆ ತಂದದ್ದು ಮ್ಯಾಗ್ನೆಟೊ. ಸ್ಟಟ್‌ಗಾರ್ಟಿನಲ್ಲಿ 1886ರಲ್ಲಿ ಚಿಕ್ಕದೊಂದು ಕಾರ್ಯಾಗಾರವನ್ನು ತೆರೆದಿದ್ದ ರಾಬರ್ಟ್ ಬಾಷ್, 1897ರಲ್ಲಿ ಒಂದು ದ ದಿಯೊನ್ ತ್ರಿಚಕ್ರ ವಾಹನಕ್ಕೆ ಮ್ಯಾಗ್ನೆಟೊವನ್ನು ಅಳವಡಿಸಿದನು. ಅವನ ಬಳಿ ಕೆಲಸಕ್ಕಿದ್ದ ಗಾಟ್‌ಲೋಬ್ ಹೋನೋಲ್ಡ್ 1902ರಲ್ಲಿ ಅದನ್ನು ಸ್ಪಾರ್ಕ್ ಪ್ಲಗ್ಗಿಗೆ ನೇರವಾಗಿ ಅಧಿಕ ಒತ್ತಡದ ವಿದ್ಯುತ್ತನ್ನು ಕೊಡುವಂತೆ ಪರಿಷ್ಕರಿಸಿದನು. ಅಯಸ್ಕಾಂತದ ಎರಡು ಧ್ರುವಗಳ ನಡುವೆ ಸುರುಳಿ ತಿರುಗುತ್ತದೆ, ತಿರುಗಿಸುವುದು ಎಂಜಿನ್ನೇ. ಎಂಜಿನ್ನು ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಹೊರಗಿನ ಸಾಲ ಬೇಡ. ಮುಂದಿನ ಸುಮಾರು ಐವತ್ತು ವರ್ಷ ಮೋಟಾರ್ ಸೈಕಲ್ಲಿನ ಪ್ರಪಂಚದಲ್ಲಿ ಮ್ಯಾಗ್ನೆಟೊವಿನದೇ ಆಳ್ವಿಕೆ. ಬ್ಯಾಟರಿ ಸತ್ತರೂ ದೀಪ ಆರಿದರೂ ಮನೆ ಸೇರಬಹುದು ಎಂಬ ಭರವಸೆಯನ್ನು ಅದು ಸವಾರನಿಗೆ ಕೊಟ್ಟಿತು.

ಮ್ಯಾಗ್ನೆಟೊದಲ್ಲಿ ಒಂದು ವಿಪರ್ಯಾಸವಿದೆ. ಅದನ್ನು ತಿಳಿಯದವನು ಮಳೆಯಲ್ಲಿ ದಿಕ್ಕೆಡುವುದು ಸಹಜ. ಬ್ಯಾಟರಿಯ ಪದ್ಧತಿಯಲ್ಲಿ ಎಂಜಿನ್ನನ್ನು ನಿಲ್ಲಿಸಬೇಕಾದರೆ ತಂತಿಯನ್ನು ಕಡಿಯಬೇಕು. ಮ್ಯಾಗ್ನೆಟೊದಲ್ಲಿ ಎಂಜಿನ್ನನ್ನು ನಿಲ್ಲಿಸಬೇಕಾದರೆ ತಂತಿಯನ್ನು ಕೂಡಿಸಬೇಕು. ಹಿಡಿಯ ಮೇಲಿನ ಗುಂಡಿಯನ್ನು ಒತ್ತಿದಾಗ ಸುರುಳಿಯ ವಿದ್ಯುತ್ತು ವಾಹನದ ಲೋಹದ ಮೈಗೆ, ಮೆಕ್ಯಾನಿಕರ ಮಾತಿನಲ್ಲಿ ‘ಅರ್ತ್’ಗೆ, ಇಳಿದುಹೋಗುತ್ತದೆ, ಕಿಡಿ ನಿಲ್ಲುತ್ತದೆ. ಈಗ ಆ ಗುಂಡಿಯೊಳಗೆ ಮಳೆನೀರು ಹೊಕ್ಕಿತೆನ್ನಿ, ಅಥವಾ ಅದರ ತಂತಿಯ ಮೇಲ್ಹೊದಿಕೆ ಸವೆದು ಒದ್ದೆಯಾದ ಚೌಕಟ್ಟಿಗೆ ತಾಗಿತೆನ್ನಿ. ಯಾರೂ ಗುಂಡಿಯನ್ನು ಒತ್ತಿಲ್ಲ, ಎಂಜಿನ್ನಿಗೆ ಮಾತ್ರ ಒತ್ತಿದ ಹಾಗೆಯೇ. ಇದಕ್ಕೆ ಪರಿಹಾರ ಆ ತಂತಿಯನ್ನು ಕಿತ್ತು ಎಸೆಯುವುದು. ಒಂದು ಯಂತ್ರ ನಡೆಯುವಂತಾಗಲು ಅದರ ತಂತಿಯನ್ನು ಕೀಳಬೇಕೆಂದರೆ ಯಾರು ನಂಬುತ್ತಾರೆ? ಹಳೆಯ ಸವಾರರು ನಂಬುತ್ತಿದ್ದರು. ಮ್ಯಾಗ್ನೆಟೊ ಸತ್ತಂತೆ ಕಂಡರೆ ಮೊದಲು ನಿಲ್ಲಿಸುವ ತಂತಿಯನ್ನು ಬಿಚ್ಚಿ ನೋಡು ಎನ್ನುವುದು ಆ ಕಾಲದವರ ಮೊದಲ ಪಾಠಗಳಲ್ಲಿ ಒಂದು.

ಎರಡನೆಯ ಪಾಠ ಇನ್ನೂ ಸ್ವಾರಸ್ಯದ್ದು. ಮ್ಯಾಗ್ನೆಟೊದಲ್ಲಿ ವಿದ್ಯುತ್ತನ್ನು ಕಡಿಯುವ ಎರಡು ಸಂಪರ್ಕಬಿಂದುಗಳು, ಅಂದರೆ ‘ಪಾಯಿಂಟು’ಗಳು, ಸುಮಾರು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ತೆರೆದು ಮುಚ್ಚಬೇಕು. ಹಲವು ಮ್ಯಾಗ್ನೆಟೊಗಳಲ್ಲಿ ಅವನ್ನು ಅಲ್ಲಾಡಿಸುವ ಪುಟ್ಟ ತೋಳು ನಾರಿನ ಒಂದು ಬಳೆಯೊಳಗೆ ತಿರುಗುತ್ತಿತ್ತು. ನಾರು ಒತ್ತಿ ಮಾಡಿದ ಆ ವಸ್ತು ಒಳ್ಳೆಯ ಅವಾಹಕ, ಅಗ್ಗ, ಸದ್ದಿಲ್ಲದ್ದು. ಆದರೆ ತೇವದ ಹವೆಯಲ್ಲಿ ಅದು ಉಬ್ಬುತ್ತದೆ. ಉಬ್ಬಿದಾಗ ತೋಳು ಬಿಗಿದು ನಿಲ್ಲುತ್ತದೆ. ತೆರೆದ ಬಿಂದುಗಳು ಮುಚ್ಚುವುದಿಲ್ಲ. ತಂತಿ ಸರಿಯಿದೆ, ಅಯಸ್ಕಾಂತ ಸರಿಯಿದೆ, ಪ್ಲಗ್ಗು ಸರಿಯಿದೆ, ಎಲ್ಲಿಯೂ ಒಂದು ಹನಿ ನೀರಿಲ್ಲ. ಮಳೆಗಾಲದ ಬೆಳಗಿನಲ್ಲಿ ಯಂತ್ರ ಮಾತ್ರ ಏಳುವುದಿಲ್ಲ. ಹೊತ್ತೇರಿ ಬಿಸಿಲು ಕಂಡರೆ ತಾನೇ ಸರಿಹೋಗುತ್ತದೆ. ಇದನ್ನು ಪತ್ತೆ ಮಾಡಿದವನ ಸೂಕ್ಷ್ಮಕ್ಕೆ ತಲೆದೂಗಬೇಕು. ಆ ಬಳೆಯ ಒಳಮೈಯನ್ನು ನವಿರಾಗಿ ಹೆರೆದು ಕೂದಲಿನಷ್ಟು ಸಡಿಲ ಮಾಡುವುದೇ ಮದ್ದು.

ಹೀಗೆ ಕೂಡಿದ ಅನುಭವವೆಲ್ಲ ಆ ಕಾಲದ ಕೈಪಿಡಿಗಳಲ್ಲಿ ಇಳಿಯಿತು. ಇಂಗ್ಲೆಂಡಿನಲ್ಲಿ ಇಲಿಫ್ ಪ್ರಕಾಶಕರು ಹೊರತರುತ್ತಿದ್ದ ‘ಮೋಟಾರ್ ಸೈಕಲ್ಸ್ ಅಂಡ್ ಹೌ ಟು ಮ್ಯಾನೇಜ್ ದೆಮ್’ ಎಂಬ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಇಂಥ ಪುಸ್ತಕಗಳು ಕಲಿಸಿದ ವಿಧಾನ ನೈಯಾಯಿಕರ ಅನುಮಾನ ಪ್ರಮಾಣಕ್ಕಿಂತ ಬೇರೆಯಲ್ಲ. ಮೊದಲು ಕೇಳು: ಕೊರತೆ ಪೆಟ್ರೋಲಿನದೋ ಕಿಡಿಯದೋ? ಪ್ಲಗ್ಗನ್ನು ಬಿಚ್ಚಿ ಸಿಲಿಂಡರಿನ ಲೋಹದ ಮೇಲೆ ಮಲಗಿಸಿ ಎಂಜಿನ್ನನ್ನು ತಿರುಗಿಸು. ದಪ್ಪನೆಯ ನೀಲಿ ಕಿಡಿ ಕಂಡರೆ ವಿದ್ಯುತ್ತನ್ನು ಬಿಟ್ಟು ಬೇರೆ ಕಡೆ ನೋಡು. ಕಿಡಿ ಇಲ್ಲವೇ? ತಂತಿಯನ್ನು ಪ್ಲಗ್ಗಿನಿಂದ ಕಳಚಿ, ಅದರ ತುದಿಯನ್ನು ಲೋಹಕ್ಕೆ ಕಾಲಂಗುಲ ದೂರದಲ್ಲಿ ಹಿಡಿ. ಈಗ ಕಿಡಿ ಹಾರಿದರೆ ತಪ್ಪು ಪ್ಲಗ್ಗಿನದು. ಹಾರದಿದ್ದರೆ ಇನ್ನೂ ಹಿಂದಕ್ಕೆ ಹೋಗು. ಮ್ಯಾಗ್ನೆಟೊವಿನ ಬಳೆಯ ಮೇಲೆ ತೇವ ಕುಳಿತಿರಬಹುದು. ಪೆನ್ಸಿಲಿನ ತುದಿಗೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ, ಎಂಜಿನ್ನನ್ನು ಮೆಲ್ಲಗೆ ತಿರುಗಿಸುತ್ತ ಒರಸು. ಒಂದೊಂದು ಪರೀಕ್ಷೆಯೂ ಗುಮಾನಿಯ ಅರ್ಧವನ್ನು ಕಳೆಯಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದವನು ಯಾವುದರಿಂದ ಸರಿಹೋಯಿತೆಂಬುದನ್ನು ಎಂದೂ ಅರಿಯನು. ಗ್ರಂಥಸಂಪಾದನೆ ಮಾಡುವವರು ಓಲೆಗರಿಯ ಪಾಠಾಂತರಗಳನ್ನು ತೂಗಿ ನೋಡುವ ಕ್ರಮವೂ ಬಹುಮಟ್ಟಿಗೆ ಇದೇ. ಒಂದು ವ್ಯತ್ಯಾಸವಿದೆ: ಅವರ ನಿರ್ಣಯ ತಪ್ಪಾದರೆ ಯಾರೂ ಮಳೆಯಲ್ಲಿ ನಡೆದು ಮನೆಗೆ ಹೋಗಬೇಕಾಗಿಲ್ಲ.

1914ರ ಆಗಸ್ಟಿನಲ್ಲಿ ಇದು ಬರಿಯ ಸವಾರರ ಹವ್ಯಾಸವಾಗಿ ಉಳಿಯಲಿಲ್ಲ. ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧವನ್ನು ಸಾರಿದ ದಿನ ಅದರ ಬಹುಪಾಲು ಮೋಟಾರುಗಳೂ ಮೋಟಾರ್ ಸೈಕಲ್ಲುಗಳೂ ಜರ್ಮನಿಯಿಂದ ಬಂದ ಬಾಷ್ ಮ್ಯಾಗ್ನೆಟೊಗಳಿಂದಲೇ ಓಡುತ್ತಿದ್ದವು. ಶತ್ರುವಿನ ಅಯಸ್ಕಾಂತ ತಿರುಗಿದರೆ ಮಾತ್ರ ತನ್ನ ಸೈನ್ಯದ ಸುದ್ದಿ ಮುಂದಕ್ಕೆ ಹೋಗುವ ಸ್ಥಿತಿ. ಮ್ಯಾಗ್ನೆಟೊ ತಯಾರಿಸಬಲ್ಲವರೆಂದು ಹೆಸರಿಸಬಹುದಾದ ಬ್ರಿಟಿಷ್ ಸಂಸ್ಥೆ ಬರ್ಮಿಂಗ್‌ಹ್ಯಾಮಿನ ಥಾಮ್ಸನ್-ಬೆನೆಟ್. ಅದನ್ನು ದೀಪಗಳ ತಯಾರಕರಾಗಿದ್ದ ಲೂಕಸ್ ಕಂಪನಿ ಅದೇ 1914ರಲ್ಲಿ ಕೊಂಡಿತು. ಸಾಮ್ರಾಜ್ಯದಲ್ಲಿ ಸೂರ್ಯ ಮುಳುಗುವುದಿಲ್ಲವೆಂಬ ಬೀಗು ಇದ್ದವರಿಗೆ ತಮ್ಮದೇ ಆದ ಒಂದು ಕಿಡಿ ಇಲ್ಲವೆಂದು ಅರಿವಾದದ್ದು ಆಗ. ಅಮೆರಿಕದಿಂದ ತರಿಸಿಕೊಂಡರು, ಬಾಷ್‌ನ ಮಾದರಿಗಳನ್ನು ಬಿಚ್ಚಿ ನೋಡಿ ಅನುಕರಿಸಿದರು. ಲೋಹದ ಕೆಲಸವನ್ನು ಅನುಕರಿಸುವುದು ಅಷ್ಟು ಕಷ್ಟವಲ್ಲ. ಸಾವಿರಾರು ಸುತ್ತು ಸುತ್ತಿದ ಕೂದಲಿನಂಥ ತಂತಿಯ ಒಂದು ಸುತ್ತು ಪಕ್ಕದ ಸುತ್ತಿಗೆ ತಾಗದಂತೆ, ತೇವ ಒಳಹೊಗದಂತೆ ಹೊದಿಸುವ ವಿದ್ಯೆಯೇ ಕಠಿನ.

ಯುದ್ಧದ ಮೊದಲ ವಾರಗಳಲ್ಲಿ ಸುದ್ದಿ ಸಾಗಿಸುವ ಸವಾರರಾಗಿ ಸೇರಿದವರಲ್ಲಿ ಹಲವರು ವಿಶ್ವವಿದ್ಯಾಲಯದ ಹುಡುಗರು. ತಮ್ಮ ತಮ್ಮ ಮೋಟಾರ್ ಸೈಕಲ್ಲುಗಳನ್ನೇ ತಂದವರು. ಅವರಲ್ಲೊಬ್ಬನಾದ ಡಬ್ಲ್ಯೂ. ಎಚ್. ಎಲ್. ವಾಟ್ಸನ್ 1915ರಲ್ಲಿ ತನ್ನ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದನು. ತಂತಿ ಕಡಿದುಹೋದಲ್ಲಿ, ಕುದುರೆ ತಲಪಲಾಗದಲ್ಲಿ, ಒಂದು ಚೀಟಿಯನ್ನು ಹೊತ್ತು ಹೋಗುವುದು ಇವರ ಕೆಲಸ. ಮುಂದೆ ಅದೇ 1915ರಲ್ಲಿ ಬಂದ ಟ್ರಯಂಫ್ ಮಾದರಿ ‘ಎಚ್’ ಸುಮಾರು 30,000ದ ಸಂಖ್ಯೆಯಲ್ಲಿ ಸೈನ್ಯವನ್ನು ಸೇರಿತು. ‘ನಂಬುಗೆಯ ಟ್ರಯಂಫ್’ ಎಂದೇ ಅದಕ್ಕೆ ಹೆಸರು. ಫ್ಲಾಂಡರ್ಸಿನ ಮಳೆ, ಗುಂಡು ಕೊರೆದ ಹಳ್ಳಗಳು, ಚಕ್ರದ ಕಣ್ಣಿನವರೆಗೆ ಕೆಸರು. ಅಲ್ಲಿ ನಿಂತುಹೋದ ಯಂತ್ರವನ್ನು ಕತ್ತಲಲ್ಲಿ, ಬೆಳಕು ತೋರಿಸಿದರೆ ಗುಂಡು ಬೀಳುವ ಜಾಗದಲ್ಲಿ, ಬೆರಳ ತುದಿಯ ಅರಿವಿನಿಂದಲೇ ಸರಿಪಡಿಸಬೇಕಾಗಿತ್ತು. ನಾನು ಮೇಲೆ ಹೇಳಿದ ಅನುಮಾನದ ಸರಪಳಿ ಅವರಿಗೆ ಬಾಯಿಪಾಠವಾಗಿರಲೇಬೇಕು. ಚೀಟಿ ತಲಪದಿದ್ದರೆ ಹಿಂದೆಗೆಯಬೇಕಾದ ತುಕಡಿ ಅಲ್ಲೇ ನಿಂತಿರುತ್ತಿತ್ತು.

ಅದೇ ವಾಹನದ ದೀಪದ ವಿಚಾರ ಇಲ್ಲಿ ನೆನಪಿಗೆ ಬರುತ್ತದೆ. ಅದು ಕಾರ್ಬೈಡಿನ ದೀಪ. ಕ್ಯಾಲ್ಸಿಯಂ ಕಾರ್ಬೈಡಿನ ಹರಳಿನ ಮೇಲೆ ತೊಟ್ಟು ತೊಟ್ಟಾಗಿ ನೀರು ಬಿದ್ದರೆ ಅಸೆಟಿಲೀನ್ ಅನಿಲ ಹುಟ್ಟಿ ಬೆಳ್ಳಗೆ ಉರಿಯುತ್ತದೆ. ಒಂದೇ ವಾಹನದಲ್ಲಿ ದೀಪಕ್ಕೆ ನೀರೇ ಆಹಾರ, ಕಿಡಿಗೆ ನೀರೇ ವಿಷ.

ಇನ್ನು ಈ ಚರಿತ್ರೆಯಲ್ಲಿ ನನಗೆ ಮುಖ್ಯವೆಂದು ತೋರುವ ಭಾಗ. ಮಳೆಯಲ್ಲಿ ಕಿಡಿಯನ್ನು ಕಾಪಾಡಿದ್ದು ಯಾವುದು? ವಿದ್ಯುತ್ತಿನ ಜ್ಞಾನ ಎಂದು ಉತ್ತರಿಸುವುದು ಸುಲಭ. ಆದರೆ ವಿದ್ಯುತ್ತನ್ನು ಹುಟ್ಟಿಸುವುದು ಫ್ಯಾರಡೆಯಿಂದಾಚೆಗೆ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಇದ್ದದ್ದು ಅದನ್ನು ತಡೆಯುವುದು. ತಾಮ್ರ, ಉಕ್ಕು, ಅಯಸ್ಕಾಂತಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವುಗಳ ನಡುವೆ ನಿಂತು ‘ಇಲ್ಲಿ ದಾಟಬೇಡ’ ಎನ್ನುವ ವಸ್ತುಗಳ ಕಥೆಯನ್ನು ಹೇಳುವವರಿಲ್ಲ. ಆ ವಸ್ತುಗಳಲ್ಲಿ ಎರಡು ಬಹಳ ದೊಡ್ಡ ಪ್ರಮಾಣದಲ್ಲಿ ನಮ್ಮ ದೇಶದಿಂದ ಹೋದವು. ಒಂದು ಅರಗು, ಇನ್ನೊಂದು ಕಾಗೆಬಂಗಾರ ಎಂದು ನಾವು ಕರೆಯುವ ಅಭ್ರಕ.

ಅರಗು ಎಂದೊಡನೆ ಕನ್ನಡಿಗನಿಗೆ ಮಹಾಭಾರತದ ಅರಗಿನ ಮನೆ ನೆನಪಾಗುತ್ತದೆ. ಪಾಂಡವರನ್ನು ಸುಡುವುದಕ್ಕೆಂದು ವಾರಣಾವತದಲ್ಲಿ ಕಟ್ಟಿಸಿದ ಮನೆಗೆ ಆರಿಸಿದ ವಸ್ತು ಬೇಗ ಹೊತ್ತಿಕೊಳ್ಳುವ ಅರಗು. ಅದೇ ಅರಗು ಮ್ಯಾಗ್ನೆಟೊವಿನ ಹೊಟ್ಟೆಯಲ್ಲಿ ಬೆಂಕಿಯನ್ನು ಹಿಡಿದಿಡುವ ಕೆಲಸಕ್ಕೆ ನೇಮಕವಾಯಿತು. ಮುತ್ತುಗ, ಎಲಚಿ, ಕುಸುಮ ಮರಗಳ ಎಳೆಯ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟ ತನ್ನ ರಕ್ಷಣೆಗೆಂದು ಸ್ರವಿಸುವ ಅಂಟು ಇದು. ಛೋಟಾ ನಾಗಪುರದ ಕಾಡುಗಳಲ್ಲಿ ಆದಿವಾಸಿಗಳು ಆ ಕೊಂಬೆಗಳನ್ನು ಕಡಿದು, ಕೆರೆದು, ಮಾರುತ್ತಿದ್ದರು. ಅದನ್ನು ತೊಳೆದು ಕರಗಿಸಿ ತೆಳುಹಾಳೆಯಾಗಿ ಎಳೆದದ್ದೇ ಜಗತ್ತಿಗೆ ಶೆಲ್ಯಾಕ್ ಎಂದು ತಿಳಿದದ್ದು. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದ ಹೊಳಪನ್ನು ಕೊಡುವುದೂ ಅರಗೇ. ಮದ್ಯಸಾರದಲ್ಲಿ ಕರಗಿಸಿ ತಂತಿಯ ಸುರುಳಿಗೆ ಬಳಿದರೆ ಅದು ಗಟ್ಟಿಯಾಗಿ ಕುಳಿತು ಒಂದೊಂದು ಎಳೆಯನ್ನೂ ಬೇರ್ಪಡಿಸುತ್ತದೆ. ಆ ಕೀಟ ತನ್ನ ಮೈಗೆ ನೀರು ತಾಗದಿರಲೆಂದು ಕಟ್ಟಿಕೊಂಡ ಗೂಡು, ಸಾವಿರಾರು ಮೈಲಿಯಾಚೆ ಒಬ್ಬ ಸವಾರನ ಕಿಡಿಗೆ ನೀರು ತಾಗದಂತೆ ನಿಂತಿತು.

ಅಭ್ರಕದ ಕಥೆ ಇದಕ್ಕಿಂತ ಕಠಿನವಾದದ್ದು. ಈಗ ಝಾರ್ಖಂಡಿಗೆ ಸೇರಿರುವ ಕೊಡರ್ಮಾದ ಸುತ್ತಿನ ಗಣಿಗಳು, ತೆಂಕಣದಲ್ಲಿ ನೆಲ್ಲೂರಿನ ಗಣಿಗಳು, ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಗತ್ತಿನ ಹಾಳೆ ಅಭ್ರಕದ ಬಹುಭಾಗವನ್ನು ಒದಗಿಸಿದವು. ಕೂದಲಿಗಿಂತ ತೆಳ್ಳಗೆ ಸೀಳಿದರೂ ಅದು ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲ, ಬೆಂಕಿಗೆ ಹೆದರುವುದಿಲ್ಲ, ನೀರನ್ನು ಕುಡಿಯುವುದಿಲ್ಲ. ಮ್ಯಾಗ್ನೆಟೊವಿನ ಕಂಡೆನ್ಸರಿನಲ್ಲಿ ತವರದ ಹಾಳೆಗಳ ನಡುವೆ ಅಭ್ರಕದ ಹಾಳೆಗಳನ್ನು ಇಡುತ್ತಿದ್ದರು. ಪಂದ್ಯದ ವಾಹನಗಳ ಪ್ಲಗ್ಗುಗಳಲ್ಲಿ ಪಿಂಗಾಣಿಯ ಬದಲು ಅದರ ಬಿಲ್ಲೆಗಳನ್ನು ಒತ್ತಾಗಿ ಜೋಡಿಸುತ್ತಿದ್ದರು. ಹಾಗೆ ಸೀಳುವ ಕೆಲಸಕ್ಕೆ ಯಂತ್ರ ಒಗ್ಗಲಿಲ್ಲ. ಕೈಯಲ್ಲೊಂದು ಚೂರಿಯನ್ನು ಹಿಡಿದು ಪದರದಿಂದ ಪದರವನ್ನು ಬಿಡಿಸಿದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಅವರಾರೂ ಮೋಟಾರ್ ಸೈಕಲ್ಲಿನ ಚರಿತ್ರೆಯಲ್ಲಿ ಬರುವುದಿಲ್ಲ. ಆ ಸೀಮೆಯ ಗಣಿಗಳ ಕಸದಲ್ಲಿ ಅಭ್ರಕವನ್ನು ಆರಿಸುವ ಮಕ್ಕಳ ಸುದ್ದಿ ಈ ಶತಮಾನದಲ್ಲಿಯೂ ಪತ್ರಿಕೆಗಳಲ್ಲಿ ಬಂದಿದೆ ಎಂಬುದನ್ನು ಕಂಡಾಗ, ಗೆದ್ದ ಸವಾರರ ಪಟ್ಟಿಗಳನ್ನು ಓದುವ ಉತ್ಸಾಹ ನನಗೆ ತಗ್ಗುತ್ತದೆ.

ಅರಗಿನಲ್ಲಿ ಒಂದು ದೌರ್ಬಲ್ಯವಿತ್ತು. ಬಿಸಿ ಏರಿದರೆ ಅದು ಮೆತ್ತಗಾಗುತ್ತದೆ. ವರ್ಷಗಳು ಕಳೆದಂತೆ ತೇವವನ್ನು ಹೀರುತ್ತದೆ. ಹಳೆಯ ಮ್ಯಾಗ್ನೆಟೊವನ್ನು ಬಿಚ್ಚಿದವರು ಸುರುಳಿಯಿಂದ ಅರಗು ಒಸರಿ, ತಿರುಗುವ ಭಾಗ ಅಂಟಿಕೊಂಡಿರುವುದನ್ನು ಈಗಲೂ ಕಾಣುತ್ತಾರೆ. ಬೆಲ್ಜಿಯಂನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಲಿಯೊ ಬೇಕ್‌ಲ್ಯಾಂಡ್ ಎಂಬ ರಸಾಯನಜ್ಞನು ಅರಗಿಗೆ ಬದಲಿಯನ್ನು ಹುಡುಕುತ್ತ 1907ರಲ್ಲಿ ಬೇಕ್‌ಲೈಟನ್ನು ಕಂಡುಹಿಡಿದನು. ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಪ್ಲಗ್ಗಿನ ಟೋಪಿ, ಮ್ಯಾಗ್ನೆಟೊವಿನ ಮುಚ್ಚಳ, ಸ್ವಿಚ್ಚಿನ ಗುಂಡಿ ಎಲ್ಲವೂ ಕ್ರಮೇಣ ಆ ಕರಿಯ ವಸ್ತುವಿನಿಂದಾದವು. ಪ್ಲಗ್ಗಿನಲ್ಲಿ ಅಭ್ರಕದ ಸ್ಥಾನಕ್ಕೆ 1930ರ ದಶಕದಿಂದಾಚೆಗೆ ಅಲ್ಯುಮಿನಾ ಪಿಂಗಾಣಿ ಬಂದಿತು. ಬೇಕ್‌ಲೈಟಿಗೂ ತನ್ನದೇ ಆದ ರೋಗವಿದೆ. ಒದ್ದೆಯಾದ ಮೈಮೇಲೆ ಒಮ್ಮೆ ಕಿಡಿ ನಡೆದರೆ ನಡೆದ ದಾರಿ ಸುಟ್ಟು ಇದ್ದಿಲಾಗುತ್ತದೆ. ಇದ್ದಿಲು ವಾಹಕ. ಮಳೆ ನಿಂತು ಎಲ್ಲವೂ ಒಣಗಿದ ಮೇಲೂ ಕಿಡಿ ಆ ಕಾಲುದಾರಿಯನ್ನು ಮರೆಯುವುದಿಲ್ಲ. ಕೂದಲಿನಂಥ ಕರಿಯ ಗೆರೆಯೊಂದನ್ನು ಕಂಡುಹಿಡಿಯುವುದೇ ಆಗ ಪರೀಕ್ಷಕನ ಕೆಲಸ.

ನಮ್ಮ ನಾಡಿಗೆ ಬರೋಣ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಪ್ರಾರಂಭವಾದವು. ಜೆಕ್ ದೇಶದ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆದದ್ದು ಜಾವಾ. ಮುಂದೆ 1970ರ ದಶಕದಲ್ಲಿ ಅದೇ ಯಂತ್ರ ಯೆಜ್ದಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಎರಡೂ ವಾಹನಗಳು ಬರುವ ಹೊತ್ತಿಗೆ ಕಾಲಚಕ್ರ ಒಂದು ಸುತ್ತು ತಿರುಗಿ, ಮ್ಯಾಗ್ನೆಟೊ ಹಿಂದೆ ಸರಿದು, ಬ್ಯಾಟರಿ ಮತ್ತು ಸುರುಳಿಯ ಹಳೆಯ ಪದ್ಧತಿ ಹೊಸ ವೇಷದಲ್ಲಿ ಮರಳಿತ್ತು. ಅವುಗಳ ಬ್ಯಾಟರಿ 6 ವೋಲ್ಟಿನದು. ಯೂರೋಪಿನ ಮಳೆಗೆ ಅದು ಸಾಕಾಗುತ್ತಿತ್ತೇನೋ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಘಾಟಿಗೆ ಅದು ತೆಳುವಾದ ಅಂಗಿ. ಲೆಕ್ಕ ಸರಳವಾಗಿದೆ. ಅಷ್ಟೇ ಬೆಳಕಿಗೆ 6 ವೋಲ್ಟಿನಲ್ಲಿ 12 ವೋಲ್ಟಿಗಿಂತ ಎರಡು ಪಾಲು ವಿದ್ಯುತ್ತು ಹರಿಯಬೇಕು. ಹೀಗಾಗಿ ತಂತಿಯ ಕೂಡಿಕೆಯಲ್ಲಿ ಅದೇ ಒಂದು ಚೂರು ಕಿಲುಬು 12 ವೋಲ್ಟಿನಲ್ಲಿ ಕಸಿಯುವ ಪಾಲಿಗೆ ನಾಲ್ಕರಷ್ಟನ್ನು 6 ವೋಲ್ಟಿನಲ್ಲಿ ಕಸಿಯುತ್ತದೆ. ಆಷಾಢದ ಸಂಜೆ ದೀಪ ಮಂಕಾಗಿ ಹಳದಿಗೆ ತಿರುಗಿದರೆ ಬಲ್ಬನ್ನು ಬೈಯುವ ಮೊದಲು ಅದರ ಬುಡದ ಕಿಲುಬನ್ನು, ಚೌಕಟ್ಟಿಗೆ ಕೂಡುವ ತಂತಿಯ ತುಕ್ಕನ್ನು ಕೆರೆಯಬೇಕೆಂಬುದು ಮಲೆನಾಡಿನ ಮೆಕ್ಯಾನಿಕರಿಗೆ ಲೆಕ್ಕವಿಲ್ಲದೆಯೇ ತಿಳಿದಿತ್ತು.

ಆ ಮೆಕ್ಯಾನಿಕರ ವಿದ್ಯೆಯನ್ನು ಯಾರೂ ಬರೆದಿಡಲಿಲ್ಲ. ಇಂಗ್ಲಿಷಿನಲ್ಲಿ ಕೈಪಿಡಿಗಳಿದ್ದವು, ಕನ್ನಡದಲ್ಲಿ ಇದ್ದದ್ದು ಬಾಯಿಮಾತು. ಆ ಬಾಯಿಮಾತಿನ ಸೊಗಸನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು. ‘ಪಾಯಿಂಟು ಕಚ್ಚಿಕೊಂಡಿದೆ’, ‘ಕರೆಂಟು ಕದ್ದು ಹೋಗ್ತಿದೆ’, ‘ಪ್ಲಗ್ಗು ನೀರು ಕುಡಿದಿದೆ’, ‘ವೈರು ಮೈಗೆ ಹತ್ತಿದೆ’. ನಾಮಪದಗಳೆಲ್ಲ ಪರದೇಶದವು, ಕ್ರಿಯಾಪದಗಳೆಲ್ಲ ಮನೆಯವು. ರೋಗ ನಿದಾನವಿರುವುದು ಕ್ರಿಯಾಪದದಲ್ಲಿ. ಪರಿಭಾಷಾ ಸಮಿತಿಗಳು ಮಾಡಿದ ಎಷ್ಟೋ ಪದಗಳಿಗಿಲ್ಲದ ಖಚಿತತೆ ಇವಕ್ಕಿದೆ. ಬಿಚ್ಚಿದ ಪ್ಲಗ್ಗನ್ನು ನೋಡಿ, ಬೆರಳಿನಿಂದ ಸವರಿ, ಮೂಸಿ, ಒದ್ದೆ ಯಾವುದರದೆಂದು ಅವರು ಹೇಳುತ್ತಿದ್ದರು. ಪೆಟ್ರೋಲಿನ ಒದ್ದೆಯಾದರೆ ಕಿಡಿಯಿಲ್ಲ, ಎಣ್ಣೆಯದಾದರೆ ಮಿಶ್ರಣ ತಪ್ಪಿದೆ, ನೀರಿನದಾದರೆ ಟ್ಯಾಂಕಿಗೋ ಕಾರ್ಬ್ಯುರೇಟರಿಗೋ ಮಳೆ ಹೊಕ್ಕಿದೆ. ಬುಲೆಟ್ಟಿನ ದೀಪದ ತಲೆಯ ಮೇಲೆ ವಿದ್ಯುತ್ತಿನ ಮುಳ್ಳೊಂದಿರುತ್ತಿತ್ತು. ಕೀಲಿ ತಿರುಗಿಸಿ ಕಿಕ್ಕನ್ನು ಮೆಲ್ಲಗೆ ಅದುಮಿದಾಗ ಆ ಮುಳ್ಳು ಎಡಕ್ಕೆ ವಾಲಿ ಮತ್ತೆ ನಡುವಿಗೆ ಬಂದರೆ ಪಾಯಿಂಟುಗಳು ಮುಚ್ಚಿ ತೆರೆಯುತ್ತಿವೆ ಎಂದು ಅರ್ಥ. ಅಲ್ಲಾಡದಿದ್ದರೆ ಅವು ಅಂಟಿವೆ ಅಥವಾ ತಂತಿ ಎಲ್ಲೋ ಕಡಿದಿದೆ. ಒಂದು ಸಲಕರಣೆಯನ್ನೂ ಮುಟ್ಟದೆ ರೋಗದ ಅರ್ಧ ಪತ್ತೆಯಾಯಿತು.

ಇದಕ್ಕೆಲ್ಲ ಕಲಶವಿಟ್ಟಂತೆ ಇನ್ನೊಂದು ಪರೀಕ್ಷೆ. ಹಗಲಿನಲ್ಲಿ ಎಷ್ಟು ಹುಡುಕಿದರೂ ಸಿಕ್ಕದ ಸೋರಿಕೆಯನ್ನು ಹಿಡಿಯಲು ಕತ್ತಲಾಗುವವರೆಗೆ ಕಾಯುವುದು. ದೀಪವನ್ನು ಆರಿಸಿ, ಎಂಜಿನ್ನನ್ನು ಹೇಗೋ ಹೊರಡಿಸಿ, ಪ್ಲಗ್ಗಿನ ಟೋಪಿಯ ಮೇಲೂ ದಪ್ಪ ತಂತಿಯ ಮೇಲೂ ಕೈಯಿಂದ ನೀರು ಚಿಮುಕಿಸುವುದು. ಎಲ್ಲಿ ಸಡಿಲವಿದೆಯೋ ಅಲ್ಲಿ ನೀಲಿಯ ಎಳೆಗಳು ಜೇಡನ ಕಾಲಿನಂತೆ ಓಡಾಡುತ್ತವೆ, ಚಿಟಿಚಿಟಿ ಸದ್ದಾಗುತ್ತದೆ. ದೋಷವನ್ನು ಮಾಡಿದ ಮಳೆಯನ್ನೇ ಕರೆತಂದು ಅದರ ಬಾಯಿಂದಲೇ ಹೇಳಿಸುವ ಉಪಾಯ ಇದು.

ಮುಂದಿನದನ್ನು ಬೇಗ ಹೇಳಬಹುದು. 1969ರಲ್ಲಿ ಕಾವಾಸಾಕಿಯ 500 ಸಿ.ಸಿ. ವಾಹನದಲ್ಲಿ ಪಾಯಿಂಟುಗಳಿಲ್ಲದ ವಿದ್ಯುನ್ಮಾನ ಕಿಡಿ ಬಂದಿತು. 1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿ.ಸಿ. ವಾಹನಗಳು ನಮ್ಮ ದೇಶದಲ್ಲಿ ತಯಾರಾದವು. ಪಾಯಿಂಟು ಕೆರೆಯುವ ಮರಳು ಕಾಗದ ಮೆಕ್ಯಾನಿಕರ ಜೇಬಿನಿಂದ ಮೆಲ್ಲಗೆ ಮರೆಯಾಯಿತು. 2020ರ ಏಪ್ರಿಲ್ 1ರಿಂದ ಹೊಸ ಹೊಗೆ ನಿಯಮಗಳು ಜಾರಿಗೆ ಬಂದ ಮೇಲೆ ಕಾರ್ಬ್ಯುರೇಟರೂ ಬಹುಮಟ್ಟಿಗೆ ಹೋಯಿತು. ಇಂಧನವನ್ನೂ ಕಿಡಿಯನ್ನೂ ಒಂದು ಪುಟ್ಟ ಗಣಕ ಆಳುತ್ತದೆ. ತಂತಿಗಳ ಕೂಡಿಕೆಗಳಿಗೆ ರಬ್ಬರಿನ ಬಿಗಿಯಾದ ಮುಚ್ಚಳಗಳು ಬಂದಿವೆ. ಮಳೆಯಲ್ಲಿ ನಿಂತುಹೋಗುವ ವಾಹನಗಳು ನಿಜವಾಗಿಯೂ ಕಡಿಮೆಯಾಗಿವೆ. ಅದಕ್ಕೆ ಮರುಗುವ ಕಾರಣವಿಲ್ಲ. ಆಗುಂಬೆಯ ತಿರುವಿನಲ್ಲಿ ರಾತ್ರಿ ಹನ್ನೊಂದಕ್ಕೆ ನಿಂತವನಿಗೆ ಹಳೆಯ ವಿದ್ಯೆಯ ಸೊಬಗನ್ನು ವರ್ಣಿಸುವುದು ಕ್ರೌರ್ಯವೇ ಸರಿ. ಆದರೆ ದೋಷವೆಲ್ಲಿದೆ ಎಂದು ಕೇಳುವ ಅಧಿಕಾರ ಸವಾರನ ಕೈಯಿಂದ ಜಾರಿ ಕಾರ್ಯಾಗಾರದ ಪರೀಕ್ಷಾಯಂತ್ರಕ್ಕೆ ಸೇರಿರುವುದೂ ನಿಜ. ಅದರ ಪರದೆಯ ಮೇಲೆ ಒಂದು ಅಕ್ಷರ, ನಾಲ್ಕು ಅಂಕಿಗಳ ಸಂಕೇತ ಮೂಡುತ್ತದೆ. ಯಾವ ಸಂವೇದಕದಿಂದ ಸುದ್ದಿ ಬರುತ್ತಿಲ್ಲವೆಂಬುದನ್ನು ಅದು ಹೇಳುತ್ತದೆ. ಏಕೆ ಬರುತ್ತಿಲ್ಲವೆಂಬುದನ್ನು ಹೇಳುವುದಿಲ್ಲ. ಹುಡುಗನು ಆ ಸಂಕೇತವನ್ನು ಓದಿಕೊಂಡು, ಆಸನವನ್ನು ಎತ್ತಿ, ತಂತಿಗಳ ಕಂತೆಯ ನಡುವೆ ಕೈಯಾಡಿಸಿ ಒಂದು ಕೂಡಿಕೆಯನ್ನು ಹಿಡಿದು ಎಳೆಯುತ್ತಾನೆ. ಒಳಗಿನ ಹಿತ್ತಾಳೆಯ ಮುಳ್ಳುಗಳ ಮೇಲೆ ಹಸಿರು ಕಿಲುಬು, ರಬ್ಬರಿನ ಅಂಚಿನಲ್ಲಿ ಎರಡು ಹನಿ ನೀರು. ಅದನ್ನು ಬಾಯಿಗೆ ಹತ್ತಿರ ತಂದು ಊದಿ, ಅಂಗಿಯ ಚುಂಗಿನಿಂದ ಒರಸಿ, ಮತ್ತೆ ಸೇರಿಸುತ್ತಾನೆ.